ರೂಟರಿನೊಳಗೊಬ್ಬ ನೀರುಗಂಟಿ

2023ರ ಜುಲೈ ತಿಂಗಳಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸಿನ ಬೆಲೆ ಎರಡು ಸಾವಿರ ರೂಪಾಯಿ ದಾಟಿತ್ತು. ಅದೇ ತಿಂಗಳು ಗೃಹಲಕ್ಷ್ಮಿ ನೋಂದಣಿ ಶುರುವಾಗಿ, ರಾಜ್ಯದ ಬೇರೆಲ್ಲ ಕಡೆಯಂತೆ ಈ ಜಿಲ್ಲೆಯ ಗ್ರಾಮ ಒನ್, ಬಾಪೂಜಿ ಸೇವಾ ಕೇಂದ್ರಗಳ ಮುಂದೆಯೂ ಮಹಿಳೆಯರ ಸಾಲು ಬೆಳೆಯಿತು. ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತು ಎಲ್ಲ ಜಿಲ್ಲೆಗಳಿಂದಲೂ ಕೇಳಿಬಂತು. ಒಂದೇ ಸಲ ಇಡೀ ರಾಜ್ಯ ಒಂದು ಜಾಲತಾಣದ ಬಾಗಿಲು ತಟ್ಟಿದರೆ ಸರ್ವರ್ ಬಸವಳಿಯುವುದು ಸಹಜ. ಅದರ ಚರ್ಚೆ ಬೇರೆ. ಆದರೆ ಸರ್ವರ್ ಗಟ್ಟಿಯಾಗಿರುವ ದಿನವೂ ಶ್ರೀನಿವಾಸಪುರ ತಾಲ್ಲೂಕಿನ ಒಂದು ಪಂಚಾಯಿತಿಯಿಂದ ಹೊರಟ ಅರ್ಜಿ ಬೆಂಗಳೂರು ಮುಟ್ಟುವ ಮೊದಲು ಹಲವು ರೂಟರ್‌ಗಳ ಕೈ ದಾಟಬೇಕು. ಪ್ರತಿ ರೂಟರಿನಲ್ಲೂ ಅದರ ಜೊತೆ ಯಾರದ್ದೋ ಸಿನಿಮಾ, ಯಾರದ್ದೋ ಆನ್‌ಲೈನ್ ತರಗತಿ, ಮಾವಿನ ಮಂಡಿಯ ಹಣದ ಪಾವತಿ ಎಲ್ಲವೂ ಕಾಯುತ್ತಿರುತ್ತವೆ. ಯಾರು ಮೊದಲು ಹೋಗಬೇಕು, ಯಾರನ್ನು ಕಾಯಿಸಬೇಕು, ಯಾರನ್ನು ಹೊರಗೆ ದೂಡಬೇಕು ಎಂದು ಸೆಕೆಂಡಿಗೆ ಲಕ್ಷಾಂತರ ಸಲ ತೀರ್ಮಾನವಾಗುತ್ತದೆ. ಈ ತೀರ್ಮಾನದ ನಿಯಮ ಯಾವುದೆಂದು ಗ್ರಾಹಕರಿಗೆ ಯಾರೂ ಹೇಳುವುದಿಲ್ಲ, ಗ್ರಾಹಕರೂ ಕೇಳುವುದಿಲ್ಲ. ‘ಎಷ್ಟು ಎಂಬಿಪಿಎಸ್?’ ಎಂಬಲ್ಲಿಗೆ ನಮ್ಮ ವಿಚಾರಣೆ ಮುಗಿಯುತ್ತದೆ. ನನ್ನ ವಾದ ಇಷ್ಟೆ: ತಾಲ್ಲೂಕು ಮಟ್ಟದ ಸಂಪರ್ಕದಲ್ಲಿ ಜನ ಅನುಭವಿಸುವ ತೊಂದರೆಯ ದೊಡ್ಡ ಪಾಲು ಹಂಚಿಕೆಯ ನಿಯಮದಿಂದ ಬಂದದ್ದು. ಅದನ್ನು ಸರಿಪಡಿಸುವ ವಿದ್ಯೆ ಮೂರು ದಶಕಗಳಿಂದ ತಯಾರಿದೆ, ಖರ್ಚೂ ಹೆಚ್ಚಿಲ್ಲ.

ಮೊದಲು ದಾರಿ ಯಾವುದೆಂದು ನೋಡೋಣ. ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಎಳೆಯುವ ರಾಷ್ಟ್ರೀಯ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದ್ದು 2011ರ ಅಕ್ಟೋಬರ್ 25ರಂದು. ಅದೇ ಮುಂದೆ ಭಾರತ್‌ನೆಟ್ ಆಯಿತು. ಪ್ರತಿ ಪಂಚಾಯಿತಿಗೆ 100 ಎಂಬಿಪಿಎಸ್ ಎಂಬುದು ಅದರ ಭರವಸೆ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಂಥ ತಾಲ್ಲೂಕು ಕೇಂದ್ರದ ಬಿಎಸ್‌ಎನ್‌ಎಲ್ ಎಕ್ಸ್‌ಚೇಂಜಿನಲ್ಲಿ ಓಎಲ್‌ಟಿ ಎಂಬ ಪೆಟ್ಟಿಗೆ ಕೂರುತ್ತದೆ, ಪಂಚಾಯಿತಿ ಕಚೇರಿಯಲ್ಲಿ ಓಎನ್‌ಟಿ ಎಂಬ ಚಿಕ್ಕ ಪೆಟ್ಟಿಗೆ. ಇವೆರಡರ ನಡುವೆ ಜಿಪಾನ್ ತಂತ್ರಜ್ಞಾನ. ಇದರಲ್ಲಿ ಒಂದೇ ಫೈಬರ್ ಎಳೆಯನ್ನು ಗಾಜಿನ ಸೀಳುಗದಿಂದ ಕವಲೊಡೆಸಿ ಹಲವು ಊರುಗಳಿಗೆ ಹಂಚುತ್ತಾರೆ. ಆ ಎಳೆಯ ಒಟ್ಟು ಸಾಮರ್ಥ್ಯ ಕೆಳಮುಖವಾಗಿ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್, ಮೇಲ್ಮುಖವಾಗಿ ಅದರ ಅರ್ಧ. ಮೇಲ್ಮುಖದಲ್ಲಿ ಹನ್ನೆರಡು ಪಂಚಾಯಿತಿಗಳು ಭರವಸೆಯ 100 ಎಂಬಿಪಿಎಸ್ ಅನ್ನು ಏಕಕಾಲಕ್ಕೆ ಪೂರ್ತಿ ಬಳಸಿದರೆ ಹದಿಮೂರನೆಯದಕ್ಕೆ ಉಳಿಯುವುದು ಚಿಲ್ಲರೆ. ಎರಡು ಊರಿನ ಬೆಳಕು ಒಟ್ಟಿಗೆ ಬಂದರೆ ಒಂದರ ಮೇಲೊಂದು ಬಿದ್ದು ಎರಡೂ ಹಾಳು. ಹಾಗಾಗಿ ತಾಲ್ಲೂಕಿನ ಪೆಟ್ಟಿಗೆಯೇ ಯಾರು ಯಾವಾಗ ಮಾತಾಡಬೇಕೆಂದು ಸರದಿ ಕೂಗುತ್ತದೆ. ಸೆಕೆಂಡಿಗೆ ಎಂಟು ಸಾವಿರ ಸಲ, ಅಂದರೆ 125 ಮೈಕ್ರೊಸೆಕೆಂಡಿಗೊಮ್ಮೆ, ಈ ಸರದಿಪಟ್ಟಿ ಹೊಸದಾಗುತ್ತದೆ. ಆ ಪಟ್ಟಿಯಲ್ಲಿ ಯಾರಿಗೆ ಖಾಯಂ ಪಾಲು, ಯಾರಿಗೆ ಖಾತ್ರಿ ಪಾಲು, ಯಾರಿಗೆ ಉಳಿದದ್ದರಲ್ಲಿ ಸಿಕ್ಕಷ್ಟು ಎಂಬ ದರ್ಜೆಗಳಿವೆ. ಯಾವ ಪಂಚಾಯಿತಿ ಯಾವ ದರ್ಜೆಯಲ್ಲಿದೆ ಎಂದು ಅಧ್ಯಕ್ಷರನ್ನೋ ಪಿಡಿಓ ಅವರನ್ನೋ ಕೇಳಿ ನೋಡಿ. ಅವರಿಗೆ ಗೊತ್ತಿರುವ ಸಾಧ್ಯತೆ ಕಡಿಮೆ, ಗೊತ್ತಿಲ್ಲದಿದ್ದರೆ ತಪ್ಪು ಅವರದ್ದೂ ಅಲ್ಲ.

ಒಂದೇ ತಂತಿಯನ್ನು ಹಲವರಿಗೆ ಮಾರುವುದು ಮೋಸವೆಂದು ಇಲ್ಲಿಗೇ ತೀರ್ಪು ಕೊಡುವುದು ಬೇಡ. ಎಲ್ಲರೂ ಒಂದೇ ಕ್ಷಣ ಬಳಸುವುದಿಲ್ಲ ಎಂಬ ಲೆಕ್ಕದ ಮೇಲೆಯೇ ಅಂತರ್ಜಾಲ ಅಗ್ಗವಾಗಿದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2009ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲೇ ಮನೆ ಬ್ರಾಡ್‌ಬ್ಯಾಂಡಿಗೆ ಒಂದಕ್ಕೆ ಐವತ್ತು, ವ್ಯಾಪಾರದ ಸಂಪರ್ಕಕ್ಕೆ ಒಂದಕ್ಕೆ ಮೂವತ್ತರವರೆಗೆ ಹಂಚಿಕೊಳ್ಳಲು ಅವಕಾಶವಿತ್ತು. ಐವತ್ತು ಮನೆಯಲ್ಲಿ ಮೂರು ಮನೆ ಬಳಸುವಾಗ ಮೂವರಿಗೂ ಸುಖ. ರಾತ್ರಿ ಎಂಟೂವರೆಗೆ ನಲವತ್ತು ಮನೆ ಬಳಸುವಾಗ ಏನಾಗಬೇಕು ಎಂಬುದೇ ಪ್ರಶ್ನೆ. ಅದಕ್ಕೆ ಉತ್ತರವನ್ನು ಮೊದಲೇ ಬರೆದಿಟ್ಟಿರಬೇಕು, ಇಕ್ಕಟ್ಟಿನ ಹೊತ್ತಿಗೆ ಹುಡುಕಲಾಗದು.

ಈ ಸೀಮೆಯವರಿಗೆ ಇಂಥ ಉತ್ತರ ಹೊಸದಲ್ಲ. ವರ್ಷಪೂರ್ತಿ ಹರಿಯುವ ಒಂದು ಹೊಳೆಯೂ ಇಲ್ಲದ ಕೋಲಾರ ಬದುಕಿ ಬಂದದ್ದು ಕೆರೆಗಳ ಮೇಲೆ. ಕೆರೆ ತುಂಬಿದರೆ ಹೆಚ್ಚಿನ ನೀರು ಕೋಡಿ ಬಿದ್ದು ಕೆಳಗಿನ ಕೆರೆಗೆ ಹೋಗುತ್ತಿತ್ತು. ತುಂಬಿದ್ದನ್ನು ತೂಬೆತ್ತಿ ಅಚ್ಚುಕಟ್ಟಿಗೆ ಬಿಡುವುದು ನೀರುಗಂಟಿಯ ಕೆಲಸ. ಮಳೆ ಕೈಕೊಟ್ಟ ವರ್ಷ ಎಷ್ಟು ಜಮೀನಿಗೆ ನೀರು ಸಾಕಾಗುತ್ತದೆಂದು ಊರು ಕೂತು ಮಾತಾಡುತ್ತಿತ್ತು, ಆ ಮಾತನ್ನು ಗದ್ದೆಯಲ್ಲಿ ನಡೆಸುತ್ತಿದ್ದವನು ನೀರುಗಂಟಿ. ಅವನು ಹಂಚುತ್ತಿದ್ದದ್ದು ಹಿಡುವಳಿಯ ಲೆಕ್ಕದಲ್ಲಿ. ಒಬ್ಬ ರೈತ ತನ್ನ ಗದ್ದೆಗೆ ಹತ್ತು ಮಡವೆ ತೋಡಿಕೊಂಡ ಮಾತ್ರಕ್ಕೆ ಹತ್ತು ಪಾಲು ಸಿಗುತ್ತಿರಲಿಲ್ಲ. ಆ ವ್ಯವಸ್ಥೆಯನ್ನು ಸುಮ್ಮನೆ ಹೊಗಳುವಂತಿಲ್ಲ. ಜಾತಿಯ ಏಣಿಯೂ ದೊಡ್ಡ ಹಿಡುವಳಿಯವರ ದಬಾವಣೆಯೂ ಅದರೊಳಗಿದ್ದವು, ಕೊಳವೆಬಾವಿ ಬಂದ ಮೇಲೆ ಅದು ಬಹುಮಟ್ಟಿಗೆ ಮರೆಯಾಯಿತು. ಆದರೆ ಅದರಲ್ಲಿ ಮೂರು ಅಂಶ ಸ್ಪಷ್ಟವಾಗಿದ್ದವು: ನೀರನ್ನು ಸ್ವಲ್ಪ ಹೊತ್ತು ಹಿಡಿದಿಡುವ ಜಾಗ, ಹಿಡಿದಿಟ್ಟದ್ದನ್ನು ಹಂಚುವ ಸರದಿ, ಆ ಸರದಿ ಎಲ್ಲರಿಗೂ ಗೊತ್ತಿರುವುದು. ರೂಟರಿಗೂ ಬೇಕಾದದ್ದು ಇವೇ ಮೂರು.

ಈಗಲೂ ಚಾಲ್ತಿಯಲ್ಲಿರುವ, ನನ್ನ ಮಟ್ಟಿಗೆ ಅತ್ಯಂತ ಒರಟಾದ ಉಪಾಯಕ್ಕೆ ಬರೋಣ. ಅದಕ್ಕೆ ಎಂಜಿನಿಯರುಗಳು ಇಟ್ಟ ಹೆಸರೇ ಪೊಲೀಸಿಂಗ್. ಗ್ರಾಹಕ 10 ಎಂಬಿಪಿಎಸ್ ಪ್ಲಾನ್ ತೆಗೆದುಕೊಂಡಿದ್ದಾನೆ ಎಂದಿಟ್ಟುಕೊಳ್ಳಿ. ರೂಟರ್ ಅವನ ಹೆಸರಿನಲ್ಲಿ ಟೋಕನ್‌ಗಳ ಒಂದು ಖಾತೆ ತೆರೆಯುತ್ತದೆ. ಸೆಕೆಂಡಿಗೆ 10 ಮೆಗಾಬಿಟ್‌ನಷ್ಟು ಟೋಕನ್ ಜಮೆಯಾಗುತ್ತದೆ. ಮಾಹಿತಿಯ ಪ್ರತಿ ತುಣುಕು, ಅಂದರೆ ಪ್ಯಾಕೆಟ್, ಹೋಗುವಾಗ ತನ್ನ ಗಾತ್ರದಷ್ಟು ಖರ್ಚು ಮಾಡುತ್ತದೆ. ಖಾತೆಯಲ್ಲಿ ಒಂದು ಮಿತಿಗಿಂತ ಹೆಚ್ಚು ಕೂಡಿಡುವಂತಿಲ್ಲ. ಟೋಕನ್ ಮುಗಿದಿದ್ದರೆ ಬಂದ ಪ್ಯಾಕೆಟನ್ನು ಅಲ್ಲೇ ಎಸೆಯಲಾಗುತ್ತದೆ. ಕಾಯಿಸುವುದಿಲ್ಲ, ಕಾರಣ ಹೇಳುವುದಿಲ್ಲ. ಮಿತಿ ಒಂದು ಮೆಗಾಬೈಟ್, ಅಂದರೆ ಎಂಟು ಮೆಗಾಬಿಟ್ ಎನ್ನೋಣ. ಸ್ವಲ್ಪ ಹೊತ್ತು ಸುಮ್ಮನಿದ್ದ ಗ್ರಾಹಕ ಒಂದು ವಿಡಿಯೊ ತೆರೆಯುತ್ತಾನೆ. ಅತ್ತಲಿಂದ ಸರ್ವರ್ 100 ಎಂಬಿಪಿಎಸ್ ವೇಗದಲ್ಲಿ ಸುರಿಯತೊಡಗುತ್ತದೆ. ಖಾತೆಗೆ 10 ಬರುತ್ತಿದೆ, 100 ಹೋಗುತ್ತಿದೆ. ಎಂಟು ಮೆಗಾಬಿಟ್ ಉಳಿತಾಯ ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ತುಂಬುವ ಮೊದಲೇ ಖಾಲಿ. ಆಮೇಲೆ ಬರುವ ಹತ್ತು ಪ್ಯಾಕೆಟಿನಲ್ಲಿ ಒಂಬತ್ತು ನೆಲಕ್ಕೆ. ಈವರೆಗೆ ದಾರಿ ಸಲೀಸಾಗಿದೆ ಎಂದು ನಂಬಿದ್ದ ಸರ್ವರ್ ಇದ್ದಕ್ಕಿದ್ದಂತೆ ಗೋಡೆಗೆ ಬಡಿದು, ಕಳೆದದ್ದನ್ನೆಲ್ಲ ಮತ್ತೆ ಕಳಿಸುತ್ತಾ, ವೇಗವನ್ನು ಅಗತ್ಯಕ್ಕಿಂತ ಕೆಳಕ್ಕಿಳಿಸಿ, ಮತ್ತೆ ಏರಿ, ಮತ್ತೆ ಬಡಿದು ಏದುಸಿರು ಬಿಡುತ್ತದೆ. ಗ್ರಾಹಕನಿಗೆ 10 ಎಂಬಿಪಿಎಸ್ ಎಂದು ಬಿಲ್ ಬರುತ್ತದೆ. ಪರದೆಯ ಮೇಲೆ ಚಕ್ರ ತಿರುಗುತ್ತದೆ. ಎಸೆದ ಪ್ಯಾಕೆಟುಗಳು ಅಷ್ಟು ದೂರದಿಂದ ಬಂದು ಕೊನೆಯ ಬಾಗಿಲಲ್ಲಿ ಸತ್ತದ್ದರಿಂದ, ನಡುವಿನ ತಂತಿಗಳ ಶ್ರಮವೂ ವ್ಯರ್ಥ.

ಇದು ಊಹೆಯ ದೂರಲ್ಲ. ಗೂಗಲ್‌ನ ಎಂಜಿನಿಯರುಗಳೂ ವಿಶ್ವವಿದ್ಯಾಲಯದ ಸಂಶೋಧಕರೂ ಸೇರಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜಗತ್ತಿನ 28,400 ಜಾಲಗಳಿಗೆ ಹೋದ 27 ಸಾವಿರ ಕೋಟಿ ಪ್ಯಾಕೆಟುಗಳನ್ನು ಪರಿಶೀಲಿಸಲಾಯಿತು. ಪ್ರದೇಶವನ್ನವಲಂಬಿಸಿ ಶೇ. 7ರವರೆಗಿನ ಸಂಪರ್ಕಗಳು ಪೊಲೀಸಿಂಗಿಗೆ ಸಿಕ್ಕಿದ್ದವು. ಹಾಗೆ ಸಿಕ್ಕವುಗಳಲ್ಲಿ ಪ್ಯಾಕೆಟ್ ನಷ್ಟ ಸರಾಸರಿ ಆರು ಪಟ್ಟು ಹೆಚ್ಚಿತ್ತು. ಅದೇ ವೇಗಮಿತಿಯನ್ನು ಎಸೆಯದೆ, ತುಸು ಕಾಯಿಸಿ ಬಿಡುವ ಶೇಪಿಂಗ್ ಎಂಬ ವಿಧಾನದಿಂದಲೂ ಸಾಧಿಸಬಹುದು, ಅದರಿಂದ ಈ ಹಾನಿ ಆಗುವುದಿಲ್ಲ ಎಂದು ಆ ಅಧ್ಯಯನ ತೋರಿಸಿತು. ಕೆರೆಯಿಲ್ಲದೆ ಬರೀ ಕೋಡಿ ಕಟ್ಟಿದರೆ ಆಗುವುದು ಪೊಲೀಸಿಂಗ್. ಕಟ್ಟೆ ಕಟ್ಟಿ ತೂಬಿನಿಂದ ಬಿಟ್ಟರೆ ಶೇಪಿಂಗ್.

ಹಾಗೆಂದು ಕಟ್ಟೆಯನ್ನು ಎತ್ತರಿಸುತ್ತಾ ಹೋದರೆ ಆಯಿತೇ? ಇಲ್ಲ, ಇಲ್ಲಿ ಹೋಲಿಕೆ ಕೈಬಿಡುತ್ತದೆ. ನೀರು ಕೆರೆಯಲ್ಲಿ ತಿಂಗಳಿದ್ದರೂ ನೀರೇ. ಮಾತಿನ ಪ್ಯಾಕೆಟ್ ಅರ್ಧ ಸೆಕೆಂಡ್ ತಡವಾದರೆ ಸಂಭಾಷಣೆ ಕೆಡುತ್ತದೆ. ಮೆಮೊರಿ ಅಗ್ಗವಾಗುತ್ತಾ ಬಂದಂತೆ ಮೋಡೆಮ್ ತಯಾರಕರು ಯೋಚಿಸದೆ ದೊಡ್ಡ ದೊಡ್ಡ ಬಫರ್, ಅಂದರೆ ಪ್ಯಾಕೆಟ್ ಕಾಯುವ ಜಾಗ, ತುಂಬಿದರು. ಮೇಲ್ಮುಖ ವೇಗ 2 ಎಂಬಿಪಿಎಸ್ ಇರುವ ಸಂಪರ್ಕದಲ್ಲಿ ಒಂದು ಮೆಗಾಬೈಟ್ ಬಫರ್ ತುಂಬಿ ನಿಂತರೆ, ಅದರ ಹಿಂದೆ ಬಂದ ಪ್ಯಾಕೆಟ್ ನಾಲ್ಕು ಸೆಕೆಂಡ್ ಕಾಯಬೇಕು. ಮನೆಯಲ್ಲಿ ಒಬ್ಬರು ಮದುವೆಯ ಫೋಟೊಗಳನ್ನು ಡ್ರೈವ್‌ಗೆ ಏರಿಸುವಾಗ ಇನ್ನೊಬ್ಬರ ವಿಡಿಯೊ ಕರೆ ಹೆಪ್ಪುಗಟ್ಟುವುದು ಇದರಿಂದ. ಜಿಮ್ ಗೆಟ್ಟಿಸ್ ಎಂಬ ಎಂಜಿನಿಯರ್ 2010ರ ಸುಮಾರಿಗೆ ಈ ರೋಗವನ್ನು ಗುರುತಿಸಿ ಬಫರ್‌ಬ್ಲೋಟ್ ಎಂದು ಕರೆದರು. ಡೇಟಾ ಮುಗಿದ ಮೇಲೆ ಮೊಬೈಲ್ 64 ಕೆಬಿಪಿಎಸ್‌ಗೆ ಇಳಿದಾಗಿನ ಪಾಡನ್ನೂ ಇದೇ ಲೆಕ್ಕದಲ್ಲಿ ನೋಡಬಹುದು: 500 ಕಿಲೋಬೈಟಿನ ಒಂದು ಫೋಟೊ ಹೋಗಲು ಒಂದು ನಿಮಿಷಕ್ಕೂ ಹೆಚ್ಚು ಬೇಕು, ಅದರ ಹಿಂದೆ ಸಿಕ್ಕಿಕೊಂಡ ಪಾವತಿ ಸಂದೇಶ ತಲುಪುವ ಹೊತ್ತಿಗೆ ಅತ್ತ ಬ್ಯಾಂಕು ಕಾದು ಕಾದು ಕೈಬಿಟ್ಟಿರುತ್ತದೆ. ಕಾಯಿಸುವುದಾದರೆ ಎಷ್ಟು ಹೊತ್ತು ಎಂಬ ಕಟ್ಟುಪಾಡು ಬೇಕು. ಆ ಕಟ್ಟುಪಾಡನ್ನು ಕ್ಯಾತ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಕೋಡೆಲ್ ಎಂಬ ಸೂತ್ರವಾಗಿ ಕೊಟ್ಟರು. ಅದು ಸಾಲಿನ ಉದ್ದವನ್ನು ಅಳೆಯುವುದಿಲ್ಲ. ಪ್ಯಾಕೆಟ್ ಎಷ್ಟು ಹೊತ್ತು ಸಾಲಿನಲ್ಲಿ ನಿಂತಿತ್ತು ಎಂಬುದನ್ನು ಅಳೆಯುತ್ತದೆ, ಕಾಯುವಿಕೆ ಕೆಲ ಮಿಲಿಸೆಕೆಂಡ್ ಮೀರಿ ಹಟ ಹಿಡಿದರೆ ಒಂದೊಂದಾಗಿ ಪ್ಯಾಕೆಟ್ ಎಸೆದು ಕಳುಹಿಸುವವನಿಗೆ ಎಚ್ಚರಿಕೆ ಕೊಡುತ್ತದೆ.

ಎಚ್ಚರಿಕೆ ಕೇಳಿ ನಿಧಾನಿಸುವ ಗುಣ ಕಳುಹಿಸುವವನಿಗೆ ಬಂದದ್ದು ಹೇಗೆ ಎಂಬುದೂ ತಿಳಿದಿರಬೇಕು. 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ನಾನೂರು ಗಜ ದೂರದ ವಿಶ್ವವಿದ್ಯಾಲಯದ ನಡುವಿನ ಸಂಪರ್ಕ ಸೆಕೆಂಡಿಗೆ 32 ಸಾವಿರ ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ಎಲ್ಲರೂ ಕಳೆದದ್ದನ್ನು ಮತ್ತೆ ಮತ್ತೆ ಕಳಿಸಿ ದಾರಿಯನ್ನು ಹೂತುಹಾಕಿದ್ದರು. ಅದೇ ಜೇಕಬ್ಸನ್ 1988ರಲ್ಲಿ ಮದ್ದು ಬರೆದರು: ದಾರಿ ಸರಿಯಿರುವವರೆಗೆ ನಿಧಾನವಾಗಿ ಏರು, ಪ್ಯಾಕೆಟ್ ಕಳೆದರೆ ವೇಗವನ್ನು ಒಮ್ಮೆಲೇ ಇಳಿಸು. ಹೀಗೆ ಸ್ವಲ್ಪ ಸ್ವಲ್ಪ ಏರಿ ಅರ್ಧಕ್ಕೆ ಇಳಿಯುವ ಕ್ರಮ ಅನುಸರಿಸಿದರೆ ಒಂದೇ ದಾರಿಯನ್ನು ಬಳಸುವವರೆಲ್ಲ ಕಾಲಕ್ರಮೇಣ ಸಮಪಾಲಿಗೆ ಬಂದು ನಿಲ್ಲುತ್ತಾರೆಂದು ದಾಹ್ ಮಿಂಗ್ ಚಿಯು ಮತ್ತು ಭಾರತೀಯ ಮೂಲದ ರಾಜ್ ಜೈನ್ 1989ರಲ್ಲಿ ಗಣಿತದಿಂದ ತೋರಿಸಿದರು. ಅಂತರ್ಜಾಲ ಇಷ್ಟು ವರ್ಷ ನಿಂತಿರುವುದು ಈ ಸಭ್ಯತೆಯ ಮೇಲೆ. ಆದರೆ ಸಭ್ಯತೆ ಕಡ್ಡಾಯವಲ್ಲ. ಜೊತೆಗೆ, ಆ ಗಣಿತ ಎಲ್ಲರೂ ಸಮಾನ ದೂರದಲ್ಲಿದ್ದಾರೆ ಎಂದು ಇಟ್ಟುಕೊಳ್ಳುತ್ತದೆ. ಟಿಸಿಪಿ ಎಂಬ ಈ ಹಳೆಯ ವಿಧಾನದಲ್ಲಿ ಪ್ಯಾಕೆಟ್ ಹೋಗಿ ಬರುವ ಸಮಯ ಹತ್ತು ಪಟ್ಟು ಹೆಚ್ಚಿದ್ದರೆ ಸಿಗುವ ವೇಗ ಹತ್ತನೇ ಒಂದಕ್ಕೆ ಇಳಿಯುತ್ತದೆ. ದೊಡ್ಡ ವಿಡಿಯೊ ಕಂಪನಿಗಳು ತಮ್ಮ ಸರಕಿನ ಪ್ರತಿಗಳನ್ನು ಗ್ರಾಹಕನ ಹತ್ತಿರದ ನಗರದಲ್ಲೇ ಇಟ್ಟಿರುತ್ತವೆ. ಮುಳಬಾಗಿಲಿನ ವಿದ್ಯಾರ್ಥಿ ತುಂಬಬೇಕಾದ ಪರೀಕ್ಷೆಯ ಅರ್ಜಿ ದೆಹಲಿಯ ಸರ್ವರಿನಲ್ಲಿರಬಹುದು. ಇಬ್ಬರೂ ಸಭ್ಯರೇ ಆದರೂ ಹತ್ತಿರದವನು ತಟ್ಟೆ ಖಾಲಿ ಮಾಡುತ್ತಾನೆ. ಗೂಗಲ್ 2016ರಲ್ಲಿ ಪ್ರಕಟಿಸಿದ ಬಿಬಿಆರ್ ಎಂಬ ಹೊಸ ವಿಧಾನ ಪ್ಯಾಕೆಟ್ ನಷ್ಟವನ್ನೇ ಮುಖ್ಯ ಸೂಚನೆಯಾಗಿ ನೋಡುವುದಿಲ್ಲ; ಹಳೆಯ ವಿಧಾನದವರ ಜೊತೆ ಒಂದೇ ಸಾಲಿನಲ್ಲಿ ನಿಂತಾಗ ಇವೆರಡರ ನಡುವಿನ ಪಾಲು ಸಮವಾಗಿರುತ್ತದೆ ಎಂಬ ಖಾತ್ರಿಯಿಲ್ಲ. ತುದಿಯವರ ಒಳ್ಳೆಯತನಕ್ಕೆ ಹಂಚಿಕೆಯನ್ನು ಬಿಟ್ಟುಬಿಡುವುದು ಇನ್ನು ಸಾಕಾಗದು ಎಂದು ನಾನು ಹೇಳುವುದು ಇದಕ್ಕೇ.

ಹಾಗಾದರೆ ನಡುವಿನ ರೂಟರೇ ಹಂಚಲಿ. ಜಾನ್ ನೇಗಲ್ 1985ರಲ್ಲೇ ಇದರ ತಿರುಳು ಹೇಳಿದ್ದರು: ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಬೇಡಿ, ಒಬ್ಬೊಬ್ಬರಿಗೂ ಒಂದೊಂದು ಸಾಲು ಮಾಡಿ ಸರದಿಯಂತೆ ಒಂದೊಂದು ಪ್ಯಾಕೆಟ್ ತೆಗೆಯಿರಿ. ಆಗ ದುರಾಸೆಯವನು ತುಂಬಿಕೊಳ್ಳುವುದು ತನ್ನ ಸಾಲನ್ನೇ. ಇದರಲ್ಲೊಂದು ಲೋಪವಿತ್ತು. ವಿಡಿಯೊ ಪ್ಯಾಕೆಟ್ 1,500 ಬೈಟ್ ಇದ್ದರೆ ಮಾತಿನದು 200 ಬೈಟ್. ಎಣಿಕೆಯಲ್ಲಿ ಸಮಾನವಾದರೂ ತೂಕದಲ್ಲಿ ವಿಡಿಯೊದವನಿಗೆ ಏಳೂವರೆ ಪಟ್ಟು ಸಿಗುತ್ತದೆ. 1989ರಲ್ಲಿ ಅಲನ್ ಡೆಮರ್ಸ್, ಶ್ರೀನಿವಾಸನ್ ಕೇಶವ್, ಸ್ಕಾಟ್ ಶೆಂಕರ್ ಒಂದೊಂದೇ ಬಿಟ್ ಆಗಿ ಹಂಚಿದ್ದರೆ ಯಾವ ಪ್ಯಾಕೆಟ್ ಮೊದಲು ಮುಗಿಯುತ್ತಿತ್ತು ಎಂದು ಲೆಕ್ಕ ಹಾಕಿ ಆ ಕ್ರಮದಲ್ಲಿ ಕಳಿಸುವ ಫೇರ್ ಕ್ಯೂಯಿಂಗ್ ಕೊಟ್ಟರು. ನ್ಯಾಯ ಸಂದಿತು, ಆದರೆ ಲೆಕ್ಕ ಭಾರವಾಯಿತು; ಸಾಲುಗಳು ಹೆಚ್ಚಿದಂತೆ ರೂಟರ್ ಬೆವರುತ್ತಿತ್ತು. 1995ರಲ್ಲಿ ಎಂ. ಶ್ರೀಧರ್ ಮತ್ತು ಜಾರ್ಜ್ ವರ್ಗೀಸ್ ಅದನ್ನು ಎಷ್ಟು ಸರಳ ಮಾಡಿದರೆಂದರೆ ಹೈಸ್ಕೂಲು ಹುಡುಗರಿಗೂ ಅರ್ಥವಾದೀತು. ಪ್ರತಿ ಸುತ್ತಿನಲ್ಲಿ ಪ್ರತಿ ಸಾಲಿನ ಖಾತೆಗೆ ಒಂದು ನಿಗದಿತ ಪಡಿ, 1,500 ಬೈಟ್ ಎನ್ನಿ, ಜಮೆ ಮಾಡು. ಖಾತೆಯಲ್ಲಿರುವಷ್ಟು ಪ್ಯಾಕೆಟುಗಳನ್ನು ಬಿಡು. ಮುಂದಿನ ಪ್ಯಾಕೆಟ್ ಉಳಿದ ಮೊತ್ತಕ್ಕಿಂತ ದೊಡ್ಡದಿದ್ದರೆ ನಿಲ್ಲಿಸು. ಉಳಿದದ್ದು ಮುಂದಿನ ಸುತ್ತಿಗೆ ಸೇರಲಿ. ಸಾಲು ಖಾಲಿಯಾದರೆ ಖಾತೆಯೂ ಶೂನ್ಯ, ಕೂಡಿಡುವಂತಿಲ್ಲ. ಸಾವಿರ ಸಾಲಿದ್ದರೂ ಒಂದು ಪ್ಯಾಕೆಟಿಗೆ ತಗಲುವ ಕೆಲಸ ಅಷ್ಟೇ. ಡೆಫಿಸಿಟ್ ರೌಂಡ್ ರಾಬಿನ್ ಎಂಬ ಈ ವಿಧಾನ ಇಂದು ಹಲವು ಕಂಪನಿಗಳ ರೂಟರ್‌ಗಳಲ್ಲಿ ಇದೆ. ಕೆಲವೆಡೆ ಅದನ್ನು ಚಾಲೂ ಮಾಡುವವರಿಲ್ಲ ಅಷ್ಟೆ.

ಒಂದೊಂದು ಸಾಲು ಎಂದೆ, ಆದರೆ ಯಾರಿಗೆ? ಪಠ್ಯಪುಸ್ತಕದ ಉತ್ತರ ‘ಫ್ಲೋ’, ಅಂದರೆ ಎರಡು ಯಂತ್ರಗಳ ನಡುವಿನ ಒಂದು ಸಂಪರ್ಕ. ನನಗೆ ಈ ಉತ್ತರ ಒಪ್ಪಿಗೆಯಿಲ್ಲ, ಒಪ್ಪದವರಲ್ಲಿ ನಾನು ಮೊದಲಿಗನೂ ಅಲ್ಲ. ಬ್ರಿಟನ್ನಿನ ಬಾಬ್ ಬ್ರಿಸ್ಕೊ 2007ರಲ್ಲೇ ಫ್ಲೋ ಲೆಕ್ಕದ ಸಮಾನತೆಯನ್ನು ಮೂಢನಂಬಿಕೆಯೆಂಬಂತೆ ಜಾಡಿಸಿದ್ದರು. ಒಂದು ಊರಿನ 100 ಎಂಬಿಪಿಎಸ್ ತಂತಿಯಲ್ಲಿ ಸೇವಾ ಕೇಂದ್ರ ಒಂದು ಸಂಪರ್ಕ ತೆರೆದಿದೆ, ಪಕ್ಕದ ಮನೆಯ ಡೌನ್‌ಲೋಡ್ ಮ್ಯಾನೇಜರ್ ಒಂಬತ್ತು ತೆರೆದಿದೆ ಎಂದುಕೊಳ್ಳಿ. ಫ್ಲೋ ಲೆಕ್ಕದಲ್ಲಿ ಪ್ರತಿಯೊಂದಕ್ಕೂ 10. ಕೇಂದ್ರಕ್ಕೆ 10, ಮನೆಗೆ 90. ಹತ್ತು ಮಡವೆ ತೋಡಿದವನಿಗೆ ಹತ್ತು ಪಾಲು ಕೊಟ್ಟಂತಾಯಿತು. ಗ್ರಾಹಕನ ಲೆಕ್ಕದಲ್ಲಿ ಹಂಚಿದರೆ ಇಬ್ಬರಿಗೂ 50ರ ಹಕ್ಕು. ಕೇಂದ್ರಕ್ಕೆ ಆ ಗಳಿಗೆ ಎರಡೇ ಸಾಕೆಂದರೆ ಉಳಿದ 98 ಪಕ್ಕದ ಮನೆಗೇ. ಯಾವ ಹನಿಯೂ ವ್ಯರ್ಥವಿಲ್ಲ. ಕೇಂದ್ರ ಮತ್ತೆ ಕೇಳಿದಾಗ ಕೊಡಲೇಬೇಕು ಎಂಬುದಷ್ಟೇ ಕರಾರು. ಹಣ ಕೊಟ್ಟು ಸಂಪರ್ಕ ಪಡೆದ ಮನೆ, ಶಾಲೆ, ಕಚೇರಿ ಹಂಚಿಕೆಯ ಘಟಕವಾಗಬೇಕು. ಮನೆಯೊಳಗೆ ಬೇಕಾದರೆ ಫ್ಲೋ ಲೆಕ್ಕ ಇರಲಿ. ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಹತ್ತಾರು ಗ್ರಾಹಕರನ್ನು ಕೂರಿಸುವ ರೂಢಿ ನಮ್ಮಲ್ಲಿರುವುದರಿಂದ ಈ ಕೆಲಸ ದೂರದ ರೂಟರಿನಲ್ಲಿ ಆಗದು. ಗ್ರಾಹಕ ಯಾರೆಂದು ಗೊತ್ತಿರುವ, ಲಾಗಿನ್ ಆಗುವ ಜಾಗದಲ್ಲೇ, ಅಂದರೆ ಸೇವೆ ಕೊಡುವವರ ಹತ್ತಿರದ ಪೆಟ್ಟಿಗೆಯಲ್ಲೇ ಆಗಬೇಕು.

ಇದಕ್ಕೆ ಬರುವ ಮೊದಲ ಆಕ್ಷೇಪ: ಹಂಚುವ ತಲೆನೋವೇಕೆ, ತಂತಿಯನ್ನೇ ದಪ್ಪ ಮಾಡಿ. ಮಾಡಬೇಕು, ಸಂದೇಹವಿಲ್ಲ. ನರಸಾಪುರ, ಮಾಲೂರಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳು ದುಡ್ಡು ಕೊಟ್ಟು ತಮ್ಮದೇ ಲೀಸ್ಡ್ ಲೈನ್ ತೆಗೆದುಕೊಳ್ಳಬಲ್ಲವು. ಹಳ್ಳಿಯ ಶಾಲೆಗೆ ಆ ದಾರಿಯಿಲ್ಲ, ಅದಕ್ಕೆ ಸಿಗುವುದು ಹಂಚಿಕೆಯ ತಂತಿಯೇ. ಇನ್ನೊಂದು ಸೂಕ್ಷ್ಮವೂ ಇದೆ. ಮೇಲೆ ಹೇಳಿದ ಏರಿಳಿತದ ವಿಧಾನದ ಸ್ವಭಾವವೇ ದಾರಿ ತುಂಬುವವರೆಗೆ ಏರುವುದು. 100ರ ತಂತಿಯನ್ನು 1,000 ಮಾಡಿದರೆ ದೊಡ್ಡ ಡೌನ್‌ಲೋಡ್ 1,000ವನ್ನೂ ಮುಟ್ಟಿ ನೋಡುತ್ತದೆ. ಇಕ್ಕಟ್ಟಿನ ಗಳಿಗೆಗಳು ಕಡಿಮೆಯಾಗುತ್ತವೆ, ಇಲ್ಲವಾಗುವುದಿಲ್ಲ. ಹಳ್ಳಿಯ ಕೊಂಡಿ ಅಗಲವಾದರೆ ಇಕ್ಕಟ್ಟು ತಾಲ್ಲೂಕಿಗೆ, ಅಲ್ಲಿಂದ ಜಿಲ್ಲಾ ಕೇಂದ್ರಕ್ಕೆ ಸರಿಯುತ್ತದೆ. ರಾಜ್ಯಗಳ ಸರ್ಕಾರಿ ಕಚೇರಿಗಳನ್ನು ಜೋಡಿಸುವ ಸ್ವಾನ್ ಯೋಜನೆಗೆ 2005ರಲ್ಲಿ ಒಪ್ಪಿಗೆ ಕೊಟ್ಟಾಗ ಪ್ರತಿ ಕೊಂಡಿಗೆ ಕನಿಷ್ಠ 2 ಎಂಬಿಪಿಎಸ್ ಎಂದು ನಿಗದಿಪಡಿಸಿದ್ದರು, ಇಡೀ ತಾಲ್ಲೂಕು ಕಚೇರಿಗೆ. 2023ರ ಜನವರಿಯಿಂದ ಒಂದೇ ಒಂದು ಮನೆ ಸಂಪರ್ಕವನ್ನು ಬ್ರಾಡ್‌ಬ್ಯಾಂಡ್ ಎಂದು ಕರೆಯಲು ಅದೇ 2 ಎಂಬಿಪಿಎಸ್ ಕನಿಷ್ಠ ಮಿತಿ. ಅಗಲವಾದಷ್ಟೂ ಬಳಕೆ ಬೆಳೆದಿದೆ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರ: ರೂಟರಿಗೆ ಹಂಚುವ ಅಧಿಕಾರ ಕೊಟ್ಟರೆ ಕಂಪನಿಗಳು ತಮಗೆ ಬೇಕಾದವರನ್ನು ಮುಂದೆ ಬಿಟ್ಟಾವು, ಎಲ್ಲ ಜಾಲತಾಣಗಳನ್ನೂ ಸಮಾನವಾಗಿ ಕಾಣಬೇಕೆಂಬ ನೆಟ್ ನ್ಯೂಟ್ರಾಲಿಟಿಗೆ ಕುತ್ತು ಬಂದೀತು. ಈ ಭಯಕ್ಕೆ ಆಧಾರವಿದೆ. ಜಾಲತಾಣ ನೋಡಿ ಬೇರೆ ಬೇರೆ ದರ ವಿಧಿಸುವುದನ್ನು ಟ್ರಾಯ್ 2016ರ ಫೆಬ್ರವರಿ 8ರಂದು ನಿಷೇಧಿಸಬೇಕಾಗಿ ಬಂದದ್ದು ಸುಮ್ಮನೆ ಅಲ್ಲ. 2017ರ ನವೆಂಬರಿನಲ್ಲಿ ಅದು ಮಾಡಿದ ಶಿಫಾರಸನ್ನು ಕೇಂದ್ರ ದೂರಸಂಪರ್ಕ ಇಲಾಖೆ ಮರುವರ್ಷ ಜುಲೈನಲ್ಲಿ ಒಪ್ಪಿತು. ಅದರಲ್ಲಿ ದಟ್ಟಣೆ ನಿರ್ವಹಣೆಗೆ ಜಾಗವಿದೆ. ಆದರೆ ಅದು ಅಗತ್ಯಕ್ಕೆ ತಕ್ಕಷ್ಟಿರಬೇಕು, ತಾತ್ಕಾಲಿಕವಾಗಿರಬೇಕು, ಪಾರದರ್ಶಕವಾಗಿರಬೇಕು. ಗ್ರಾಹಕವಾರು ಸಮಪಾಲು ಈ ಮೂರನ್ನೂ ಪಾಲಿಸುತ್ತದೆ. ಪ್ಯಾಕೆಟಿನೊಳಗೆ ಏನಿದೆ, ಯಾವ ಕಂಪನಿಯದು ಎಂದು ಇಣುಕುವ ಅಗತ್ಯವೇ ಅದಕ್ಕಿಲ್ಲ. ಇಂದು ಬಹುಪಾಲು ಸಂಚಾರ ಗೂಢಲಿಪಿಯಲ್ಲಿ ಹೋಗುವುದರಿಂದ ಇಣುಕಿದರೂ ಪ್ರಯೋಜನವಿಲ್ಲ. ಇದೇ ಕಾರಣಕ್ಕೆ ಸರ್ಕಾರಿ ಅರ್ಜಿಗೆ, ಆಸ್ಪತ್ರೆಗೆ, ಮಂಡಿಗೆ ವಿಶೇಷ ಆದ್ಯತೆ ಕೊಡಿ ಎಂಬ ಬೇಡಿಕೆಯನ್ನೂ ನಾನು ಅನುಮಾನದಿಂದಲೇ ನೋಡುತ್ತೇನೆ. ಆದ್ಯತೆಯ ಪಟ್ಟಿ ಒಮ್ಮೆ ಶುರುವಾದರೆ ಬೆಳೆಯುತ್ತಲೇ ಹೋಗುತ್ತದೆ, ಪ್ರಭಾವಿಗಳು ಮೊದಲು ಸೇರುತ್ತಾರೆ. ಗೃಹಲಕ್ಷ್ಮಿ ಅರ್ಜಿಗೆ ಬೇಕಾದದ್ದು ಕೆಲವೇ ನೂರು ಕಿಲೋಬೈಟ್; ಸಮಪಾಲು ಖಾತ್ರಿಯಾದರೆ ಅದಕ್ಕೆ ವಿಐಪಿ ಪಾಸ್ ಬೇಡ.

ಖರ್ಚಿನ ಮಾತು ಉಳಿಯಿತು. ಪೊಲೀಸಿಂಗಿಗೆ ಗ್ರಾಹಕನಿಗೊಂದು ಖಾತೆ ಸಾಕು, ಶೇಪಿಂಗಿಗೂ ಪ್ರತ್ಯೇಕ ಸಾಲಿಗೂ ಮೆಮೊರಿ ಬೇಕು, ಲಕ್ಷಾಂತರ ಗ್ರಾಹಕರಿರುವ ಮಹಾನಗರದ ರೂಟರಿನಲ್ಲಿ ಅದು ದುಬಾರಿ ಎಂಬುದು ನಿಜ. ದಾಳಿಯ ರೂಪದಲ್ಲಿ, ಯಾವ ಎಚ್ಚರಿಕೆಗೂ ಬಗ್ಗದೆ ನುಗ್ಗುವ ಸಂಚಾರವನ್ನು ಹೆಬ್ಬಾಗಿಲಲ್ಲೇ ಎಸೆಯುವುದೂ ಸರಿಯೇ. ಅಲ್ಲಿ ಪೊಲೀಸ್ ಇರಲಿ. ಆದರೆ ತಾಲ್ಲೂಕಿನ ಸಂಖ್ಯೆಗಳು ಅಷ್ಟು ದೊಡ್ಡವಲ್ಲ. ಕೋಡೆಲ್ ಮತ್ತು ಫೇರ್ ಕ್ಯೂಯಿಂಗ್ ಎರಡನ್ನೂ ಬೆಸೆದ ಎಫ್‌ಕ್ಯೂ-ಕೋಡೆಲ್ 2012ರಿಂದ ಲಿನಕ್ಸ್ ಕರ್ನೆಲಿನಲ್ಲಿದೆ. ಗ್ರಾಹಕವಾರು ಸಮಪಾಲನ್ನೂ ಬಲ್ಲ ಕೇಕ್ ಎಂಬುದು 2018ರಲ್ಲಿ ಸೇರಿತು. ಇವಕ್ಕೆ ಲೈಸೆನ್ಸ್ ಶುಲ್ಕವಿಲ್ಲ. ಇವನ್ನೇ ಬಳಸಿ ಸಣ್ಣ ಇಂಟರ್ನೆಟ್ ಪೂರೈಕೆದಾರರಿಗಾಗಿ ರೂಪಿಸಿದ ಲಿಬ್ರೆಕ್ಯೂಓಎಸ್ ಎಂಬ ಮುಕ್ತ ತಂತ್ರಾಂಶ ಒಂದು ಸಾಧಾರಣ ಸರ್ವರ್ ಮೇಲೆ ನಡೆಯುತ್ತದೆ. ಕೇಬಲ್ ಟಿವಿಯಿಂದ ಬ್ರಾಡ್‌ಬ್ಯಾಂಡಿಗೆ ಬಂದ ಊರಿನ ಆಪರೇಟರುಗಳಿಗೆ ಇದು ನಿಲುಕದ ಮಾತಲ್ಲ. ಗ್ರಾಹಕರಿಂದ ಬರುವ ದೂರಿನ ಕರೆಗಳು ಕಡಿಮೆಯಾದರೆ ಲಾಭ ಮೊದಲು ಅವರದ್ದೇ.

ಸಮಯವೂ ಈಗ ಒದಗಿ ಬಂದಿದೆ. 2023ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪರಿಷ್ಕೃತ ಭಾರತ್‌ನೆಟ್ ಕಾರ್ಯಕ್ರಮ ಸುಮಾರು 1.39 ಲಕ್ಷ ಕೋಟಿ ರೂಪಾಯಿಯದು. ಹಳೆಯ ಕವಲು ಜಾಲದ ಜಾಗಕ್ಕೆ ಉಂಗುರದಂತೆ ಸುತ್ತುವ ಜಾಲ ಬರಬೇಕು. ತಾಲ್ಲೂಕಿನಲ್ಲೂ ಗ್ರಾಮ ಪಂಚಾಯಿತಿಯಲ್ಲೂ ಈ ಸಲ ನಿಜವಾದ ರೂಟರ್‌ಗಳೇ ಕೂರಬೇಕು ಎಂಬುದು ಅದರ ವಿನ್ಯಾಸ. ಫೈಬರ್ ಎಷ್ಟು ಕಿಲೋಮೀಟರ್ ಎಂದು ಲೆಕ್ಕ ಕೇಳುವ ಜಿಲ್ಲಾ ಪಂಚಾಯಿತಿ ಸಭೆಗಳು, ಗ್ರಾಮಸಭೆಗಳು ಇನ್ನೂ ಒಂದು ಪ್ರಶ್ನೆ ಕೇಳಲಿ: ರಾತ್ರಿ ಎಂಟೂವರೆಗೆ ನಮ್ಮೂರಿನ ತಂತಿ ತುಂಬಿದಾಗ ರೂಟರ್ ಯಾವ ನಿಯಮದಂತೆ ಹಂಚುತ್ತದೆ? ಉತ್ತರವನ್ನು ಒಂದು ಪುಟದಲ್ಲಿ, ಕನ್ನಡದಲ್ಲಿ ಬರೆದು ಪಂಚಾಯಿತಿಯ ಸೂಚನಾ ಫಲಕಕ್ಕೆ ಅಂಟಿಸಲು ಹೇಳಿ. ಮನೆಯಲ್ಲಿ ರೂಟರ್ ಇರುವ ಓದುಗರು ಇಂದೇ ಅದರ ಸೆಟ್ಟಿಂಗ್ ತೆರೆದು ಕ್ಯೂಓಎಸ್ ಅಥವಾ ಎಸ್‌ಕ್ಯೂಎಂ ಎಂಬ ಆಯ್ಕೆ ಇದೆಯೇ ನೋಡಿ, ಇದ್ದರೆ ಚಾಲೂ ಮಾಡಿ. ಇಲ್ಲದಿದ್ದರೆ ಮುಂದಿನ ಸಲ ಬಿಲ್ ಕಟ್ಟುವಾಗ ಕೇಬಲ್‌ನವರನ್ನು ಕೇಳಿ.